ಅರಳೆ ಕೋಣೆಯ ಆಲ್ಬಂ

ಐದನೇ ಹಾಡಿನಲ್ಲಿ ನನ್ನ ಬೈಗುಳ ಇದೆ. ಒಂದು ಮಾತೂ ಕೇಳದೆ ಹಾಕಿಕೊಂಡ. ಈಗ ಬೀದಿಯ ಚಿಳ್ಳೆಪಿಳ್ಳೆಗಳೆಲ್ಲ ನನ್ನ ಹಾಸಿಗೆ ಅಂಗಡಿಯ ಮುಂದೆ ಹಾಯುವಾಗ "ಬಾಯಿಗೆ ಅರಳೆ ತುರುಕಿದ್ದಾರೇನೋ?" ಎಂದು ಕೂಗಿ ಓಡುತ್ತವೆ. ನಾನು ಕೆಲಸ ಬಿಟ್ಟು ಎದ್ದು ಬರುವಷ್ಟರಲ್ಲಿ ತಿರುವು ದಾಟಿರುತ್ತವೆ. ಈ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಇಲ್ಲ.

ಹಾಕಿಕೊಂಡವನು ನನ್ನ ಹೆಂಡತಿಯ ತಮ್ಮ. ಕಸುಬು ಲಿಫ್ಟ್ ರಿಪೇರಿ, ಹುಚ್ಚು ಹಿಪ್ ಹಾಪ್. ಲಿಫ್ಟ್ ಓಡಾಡುವ ಆ ಬಾವಿಯಂಥ ಕತ್ತಲ ತಳದಲ್ಲಿ ನಿಂತಿದ್ದಾಗ ಕೈಯಲ್ಲಿ ಗ್ರೀಸು, ಬಾಯಲ್ಲಿ ಮಾತು. ಒಂದು ಸಾಲು ಮೇಲಕ್ಕೆ ಎಸೆದರೆ ಅದು ಮಹಡಿ ಮಹಡಿ ಸವರಿಕೊಂಡು ಹೋಗಿ ಮೆಲ್ಲಗೆ ತಿರುಗಿ ಬರುತ್ತಿತ್ತಂತೆ. "ಭಾವ, ಮೇಲೆ ಯಾರೋ ಕೂತು ನನ್ನ ಮಾತನ್ನ ಮಡಚಿ ವಾಪಸ್ ಕಳಿಸ್ತಾರೆ" ಅನ್ನುತ್ತಿದ್ದ. ಚಿಕ್ಕಂದಿನಿಂದಲೂ ಹಾಗೇ. ಅಕ್ಕ ಕರೆದರೆ ಓಗೊಡುವ ಬದಲು ಅವಳ ಮಾತಿನ ಬಾಲಕ್ಕೆ ಇನ್ನೊಂದು ಮಾತು ಕಟ್ಟಿ ಕಳಿಸುತ್ತಿದ್ದನಂತೆ.

ಅವನಿಗೊಬ್ಬ ಜೊತೆಗಾರ, ಮನೆಗಳಿಗೆ ಬಣ್ಣ ಬಳಿಯುವವನು. ಎಲ್ಲರೂ ಕುಳ್ಳ ಅಂತಲೇ ಕರೆಯುವುದು. ಇಬ್ಬರೂ ಸೇರಿ ವೇದಿಕೆ ಹತ್ತುತ್ತಿದ್ದರು. ಇವನು ಸಾಲಿನ ತುದಿ ಬಿಟ್ಟರೆ ಅದು ನೆಲಕ್ಕೆ ಬೀಳುವ ಮೊದಲು ಕುಳ್ಳ ಹಿಡಿಯುತ್ತಿದ್ದ. ಆಮೇಲೆ ಇವನಿಗೆ ತಾನೊಬ್ಬನೇ ಒಂದು ಇಡೀ ಆಲ್ಬಂ ಮಾಡಬೇಕೆಂಬ ಆಸೆ ಹುಟ್ಟಿತು. ಕುಳ್ಳ ಜಗಳವಾಡಲಿಲ್ಲ. "ಮಾಡಪ್ಪ, ಮಾಡು" ಎಂದು ಬ್ರಷ್ ತೊಳೆಯುತ್ತ ಕೂತ. ಅಂದಿನಿಂದ ಬರುವುದನ್ನೇ ಬಿಟ್ಟ.

ರೆಕಾರ್ಡ್ ಮಾಡಲು ಸದ್ದಿಲ್ಲದ ಜಾಗ ಬೇಕಿತ್ತು. ನನ್ನ ಅಂಗಡಿಯ ಹಿಂದಿನ ಅರಳೆ ಕೋಣೆಯಲ್ಲಿ ಗೋಡೆಯುದ್ದಕ್ಕೂ ಹಾಸಿಗೆಗಳು ಒರಗಿರುತ್ತವೆ. ಮಧ್ಯಾಹ್ನ ಗವಾಕ್ಷಿಯ ಬಿಸಿಲಿನಲ್ಲಿ ಅರಳೆಯ ಎಳೆಗಳು ಏರುವುದಿಲ್ಲ, ಇಳಿಯುವುದಿಲ್ಲ, ಸುಮ್ಮನೆ ತೇಲುತ್ತಿರುತ್ತವೆ. ಅಲ್ಲಿ ಸ್ವಲ್ಪ ಹೊತ್ತು ಕೂತರೆ ನಿದ್ದೆ ಯಾವುದು, ಎಚ್ಚರ ಯಾವುದು ಗೊತ್ತಾಗದು. ಅವನು ಮೈಕು ತೂಗುಹಾಕಿ ನಿಂತ.

"ಹತ್ತನೇ ಮಹಡಿಗೆ ನಿನ್ನ ಹತ್ತಿಸಿ ಬಿಟ್ಟೆ,
ನಾನು ಮಾತ್ರ ಗುಂಡಿಯಲಿ ಗ್ರೀಸು ಮೆತ್ತಿದ ಬಟ್ಟೆ."

ಅಷ್ಟೇ. ಮುಂದೆ ಬಾಯಿ ಕಟ್ಟಿತು. ಮತ್ತೆ ಮೊದಲಿಂದ ಹೇಳಿದ, ಮತ್ತೆ ಅಲ್ಲೇ ನಿಂತ. ಮುಂದಿನ ರಜೆಯ ದಿನವೂ ಅದೇ ಪಾಡು.

"ಏನೋ ನಿಂದು?" ಎಂದೆ.

"ಮಾತು ಹೋಗುತ್ತೆ ಭಾವ, ವಾಪಸ್ ಬರಲ್ಲ. ಹಾಸಿಗೆಗಳು ಕುಡ್ಕೊಂಡು ಬಿಡ್ತವೆ. ಬಾವಿಗೆ ಕಲ್ಲು ಹಾಕಿ ಡುಬುಕ್ ಅನ್ನಲೇ ಇಲ್ಲ ಅಂದ್ರೆ ಹೆಂಗಿರುತ್ತೆ ಹೇಳು?"

"ಹಂಗಾದ್ರೆ ಆ ಲಿಫ್ಟ್ ಗುಂಡೀಲೇ ಹೋಗಿ ಹಾಡು."

"ಅಲ್ಲಿ ಮೋಟಾರ್ ಸದ್ದು."

"ಮನೇಲಿ?"

"ಅಕ್ಕನ ಸದ್ದು."

ಬಾಗಿಲಲ್ಲಿ ಕೂತು ಗವಸು ಹೊಲಿಯುತ್ತಿದ್ದ ನನ್ನ ಹೆಂಡತಿ, "ಕೇಳಿಸ್ತು ಕಣೋ, ಊಟಕ್ಕೆ ಬಾ, ಆಮೇಲಿದೆ ನಿನಗೆ" ಎಂದಳು.

ಅವನು ನಗಲಿಲ್ಲ. "ಇದು ಆಗಲಿಲ್ಲ ಅಂದ್ರೆ ಬಿಟ್ಟೇಬಿಡ್ತೀನಿ ಭಾವ. ಒಬ್ಬನ ಕೈಲಿ ಆಗಲ್ಲ ಅಂತ ಗೊತ್ತಾದ್ಮೇಲೆ ಯಾವ ಮುಖ ಇಟ್ಕೊಂಡು ಹಾಡಲಿ?"

ಆವತ್ತು ನನಗೆ ಕೆಲಸ ಕತ್ತಿನವರೆಗೆ ಇತ್ತು. ಅದೇ ಕೋಣೆಯ ಮೂಲೆಯಲ್ಲಿ, ಇವನ ಹಾಡು ನಿಂತಾಗ ಮಾತ್ರ, ಅರಳೆ ಹಿಂಜಲು ಒಪ್ಪಿದ್ದೆ. ಇವನು ಹೇಳುವುದು, ನಿಲ್ಲುವುದು. ನಾನು ಹಿಂಜುವ ಬಿಲ್ಲಿನ ತಂತಿಗೆ ಬಡಿಯಲು ಕೊಡತಿ ಎತ್ತುವುದು, ಇಳಿಸುವುದು. ತಲೆ ಕೆಟ್ಟುಹೋಯಿತು. "ಬಾಯಿಗೆ ಅರಳೆ ತುರುಕಿದ್ದಾರೇನೋ? ಮುಂದಕ್ಕೆ ಹೇಳೋ!" ಎಂದು ಬಿಲ್ಲಿನ ತಂತಿಗೆ ಕೊಡತಿಯಿಂದ ಬಲವಾಗಿ ಬಾರಿಸಿದೆ. ಝೊಂಯ್ ಎಂದು ಸದ್ದೆದ್ದು, ಕೋಣೆಯ ನಡುವೆ ನಡುಗುತ್ತ ನಿಂತಿತು. ಆ ಸದ್ದಿನ ಬೆನ್ನೇರಿ ಅವನ ಮೂರನೇ ಸಾಲು ಹೊರಟಿತು. ಅದರ ಹಿಂದೆ ನಾಲ್ಕನೆಯದು.

ನಿಂತಲ್ಲೆಲ್ಲ ನಾನು ಬಾರಿಸಿದೆ. ಸಂಗೀತ ಗಿಂಗೀತ ನನಗೆ ತಿಳಿಯದು, ಸಿಟ್ಟಿಗೆ ಬಾರಿಸಿದ್ದು. ಅರಳೆ ಎದ್ದು ಹಾರಿ ಅವನ ರೆಪ್ಪೆ, ಮೀಸೆ ಎಲ್ಲ ಬೆಳ್ಳಗಾಯಿತು. ಅವನ ಮುಖ ಒಮ್ಮೆ ಮುದುಕನದಂತೆ, ಒಮ್ಮೆ ತೊಟ್ಟಿಲ ಕೂಸಿನದಂತೆ ಕಾಣುತ್ತಿತ್ತು. ನಾವಿಬ್ಬರೂ ಯಾವುದೋ ಮೋಡದ ಹೊಟ್ಟೆಯಲ್ಲಿ ಕೂತಿದ್ದೇವೆ, ಕೆಳಗೆ ಊರೆಂಬುದೇ ಇಲ್ಲ ಅನ್ನಿಸಿತು. ಬಿಸಿಲು ಗೋಡೆ ಬಿಟ್ಟಾಗ ಆ ಹಾಡು ಮುಗಿದಿತ್ತು; ಆಲ್ಬಂನಲ್ಲಿ ಅದೇ ಐದನೆಯದು, ನನ್ನ ಬೈಗುಳದ ಸಮೇತ. ಉಳಿದವೂ ಹಾಗೇ ಆದವು.

ಕೊನೆಯ ಹಾಡಿನ ನಡುವೆ ಅವನು ನಿಂತ. ನಾನು ಕೊಡತಿ ಎತ್ತಿದೆ. ಅವನು ಕೈ ಅಡ್ಡ ಹಿಡಿದ.

"ಇಲ್ಲಿ ಬೇಡ ಭಾವ. ಇದು ಕುಳ್ಳನ ಜಾಗ."

ಮೊದಲ ವೇದಿಕೆಯಲ್ಲಿ ಇವನ ಗಂಟಲು ಕೈಕೊಟ್ಟಿತ್ತಂತೆ. ಇವನ ಚರಣವನ್ನು ಕುಳ್ಳ ಇವನದೇ ದನಿಯಲ್ಲಿ ಹೇಳಿ ಮಾನ ಉಳಿಸಿದನಂತೆ. ಕೇಳುತ್ತಿದ್ದವರಿಗೆ ಗೊತ್ತೇ ಆಗಲಿಲ್ಲ. "ಒಂದು ಚರಣ ಸಾಲ ಇದೆ. ಒಬ್ಬನೇ ಮಾಡಿದೆ ಅಂತ ಹೇಳ್ಕೊಂಡು ಅದನ್ನ ಮುಳುಗಿಸ್ಲಾ?" ಎಂದ. ಅವತ್ತೇ ಸಂಜೆ ಕುಳ್ಳ ಬಣ್ಣ ಬಳಿಯುತ್ತಿದ್ದ ಮನೆಗೆ ಹೋಗಿ ಕರೆದ. ಕುಳ್ಳ ಏಣಿಯ ಮೇಲಿಂದಲೇ ಎಲ್ಲ ಕೇಳಿಸಿಕೊಂಡು, "ಗೋಡೆ ಒಣಗಲಿ, ಬರ್ತೀನಿ" ಎಂದನಂತೆ.

ಆ ಗೋಡೆ ಒಣಗಿತು. ಆಮೇಲೆ ಅವನು ಬಳಿದ ಎಷ್ಟೋ ಗೋಡೆಗಳು ಒಣಗಿದವು. ಆಲ್ಬಂ ಆ ಖಾಲಿ ಜಾಗದ ಸಮೇತ ಹೊರಬಂತು. ಅಲ್ಲಿಗೆ ಬಂದಾಗ ಕೇಳುವವರು ಫೋನ್ ಕೆಟ್ಟಿತೆಂದು ತಟ್ಟಿ ನೋಡುತ್ತಾರೆ. ಕುಳ್ಳ ನಮ್ಮ ಬೀದಿಗೆ ಕೆಲಸಕ್ಕೆ ಬರುತ್ತಾನೆ. ಇವನನ್ನು ಕಂಡರೆ ತಲೆಯಾಡಿಸುತ್ತಾನೆ, ನಗುತ್ತಾನೆ. ಏಣಿಯಿಂದ ಮಾತ್ರ ಇಳಿಯುವುದಿಲ್ಲ.