ಪೇಜ್ ಅಂದರೆ ಪುಟವಲ್ಲ

ಮೂವತ್ತು ವರ್ಷ ಮಕ್ಕಳ ಕನ್ನಡ ತಿದ್ದಿದವಳು ನಾನು. ನನ್ನ ಕೆಂಪು ಪೆನ್ನಿಗೆ ಹೆದರದ ಮಗು ನಾನು ಕಲಿಸಿದ ಯಾವ ಶಾಲೆಯಲ್ಲೂ ಇರಲಿಲ್ಲ ಎಂದರೆ ಜಂಭವಲ್ಲ, ನಿಜ. ಅಂಥವಳು ನಿವೃತ್ತಳಾದ ಮೇಲೆ ಒಂದೇ ಒಂದು ಅರ್ಜಿ ಬರೆದೆ, ಅದರಲ್ಲಿ ಒಂದೇ ಒಂದು ಪದದಲ್ಲಿ ಎಡವಿದೆ, ಆ ಒಂದು ಪದ ನಮ್ಮ ಅಡುಗೆಮನೆಯನ್ನೇ ಮುಚ್ಚಿಸಲು ಹೊರಟಿತ್ತು.

ಅಡುಗೆಮನೆ ಅಂದರೆ ಮಂಜಗುಣಿಯಲ್ಲಿ ನಾವು ಐದು ಹೆಂಗಸರು ಸಂಘ ಕಟ್ಟಿಕೊಂಡು ನಡೆಸುತ್ತಿದ್ದದ್ದು. ತೆಂಗಿನ ಮಡಲು ಹೊದಿಸಿದ ಮಾಡು, ಕಲ್ಲಿನ ಒಲೆ, ಒಂದು ದೊಡ್ಡ ಪಾತ್ರೆ. ದುಡಿಯಲಾಗದವರು, ಕಾಯಿಲೆಯವರು, ಕೂಲಿ ಸಿಗದವರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಕೆಂಪಕ್ಕಿಯ ಗಂಜಿ ಉಂಡು ಹೋಗುತ್ತಿದ್ದರು. ಅಕ್ಕಿಗೇನೂ ಕೊರತೆಯಿರಲಿಲ್ಲ, ಊರಿನ ಗದ್ದೆಯವರೇ ಕೊಡುತ್ತಿದ್ದರು. ಮಾಡು ಮಾತ್ರ ಕೊಳೆತುಹೋಗಿತ್ತು. ಮಳೆಗಾಲಕ್ಕೆ ಮುಂಚೆ ತಗಡು ಹೊದಿಸದಿದ್ದರೆ ನಾಲ್ಕು ತಿಂಗಳು ಒಲೆ ಆರಿಸುವುದೇ ಗತಿ.

ಒಲೆ ಆರಿದರೆ ಯಾರಿಗೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತಿತ್ತು. ಗದ್ದೆಗಳಲ್ಲಿ ನೆಟ್ಟಿ ಮಾಡಿ, ಅಂದರೆ ಭತ್ತದ ಸಸಿ ನೆಟ್ಟು, ಬದುಕುತ್ತಿದ್ದ ಒಬ್ಬಳು ಕ್ಷಯದ ಮಾತ್ರೆ ನುಂಗುತ್ತಿದ್ದಳು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಎಲ್ಲವೂ ವಾಂತಿ. ಹಿಂದೊಮ್ಮೆ ಅದೇ ಕಾರಣಕ್ಕೆ ಅರ್ಧದಲ್ಲೇ ಬಿಟ್ಟು, ಹಾಸಿಗೆ ಹಿಡಿದು, ಮತ್ತೆ ಮೊದಲಿನಿಂದ ಶುರುಮಾಡಿದ್ದಳು. ಈ ಸಲವೂ ಬಿಟ್ಟರೆ ನನ್ನ ಕೈಯಲ್ಲೇನೂ ಇಲ್ಲ ಎಂದು ಅಂಕೋಲೆಯ ಡಾಕ್ಟರು ಖಡಾಖಂಡಿತ ಹೇಳಿಬಿಟ್ಟಿದ್ದರು. ಅವಳು ದಿನಾ ನಮ್ಮಲ್ಲಿ ಉಂಡು, ನಮ್ಮೆದುರೇ ಮಾತ್ರೆ ನುಂಗಿ ಹೋಗುವಳು. ಇನ್ನೂ ನಾಲ್ಕು ತಿಂಗಳ ಮಾತ್ರೆ ಉಳಿದಿತ್ತು.

ಬೆಂಗಳೂರಿನ ಒಂದು ದತ್ತಿ ಸಂಸ್ಥೆ ನಮ್ಮಂಥ ಸಣ್ಣ ಸಂಘಗಳಿಗೆ ಅನುದಾನ ಕೊಡುತ್ತದೆ ಎಂದು ಕೇಳಿ ಅರ್ಜಿ ಬರೆಯಲು ಕೂತೆವು. ನಾನು 'ಗಂಜಿ' ಎಂದು ಬರೆದದ್ದೇ ತಡ, ನಮ್ಮೈವರಲ್ಲಿ ಹಿರಿಯಳಾದ ಅಡುಗೆಯವಳು ನನ್ನ ಕೈ ಹಿಡಿದಳು.

"ಅಕ್ಕೋರೆ, ಅದೊಂದ್ ಬರೀಬೇಡಿ. ಹೊಳೆ ಉಕ್ಕಿದಾಗೆಲ್ಲ ಶಾಲೆಲಿ ಕೂತು ಗಂಜಿ ಕೇಂದ್ರದ ಗಂಜಿ ಉಂಡು ಉಂಡು ಸಾಕಾಗೋಯ್ತು. ನಮ್ದು ಗಂಜಿ ಕೇಂದ್ರ ಅಲ್ಲ."

"ಮತ್ತೆಂತ ಬರೀಲೇ ಮಾರಾಯ್ತಿ?"

"ನಿಮ್ಮನೆಲಿ ಎಂತ ಹೇಳ್ತ್ರಿ? ಅದೇ ಬರೀರಿ."

ನಾನು ಕಾರವಾರದ ಕೊಂಕಣಿಯವಳು. ನಮ್ಮ ಮನೆಯಲ್ಲಿ ಗಂಜಿಗೆ ಪೇಜ್ ಅನ್ನುತ್ತೇವೆ. ಹೊತ್ತೇರಿದ ಮೇಲೆ ಪೇಜ್ ಉಣ್ಣಲು ಬಡವ ಶ್ರೀಮಂತ ಎಂಬ ಭೇದವಿಲ್ಲ, ಅದರಲ್ಲಿ ನಾಚಿಕೆಯೂ ಇಲ್ಲ. ಪದ ಎಲ್ಲರಿಗೂ ಹಿಡಿಸಿತು. ಫಾರಂನಲ್ಲಿ ಕೊಟ್ಟದ್ದೇ ನಾಲ್ಕು ಗೆರೆ. ಬರೆದೇಬಿಟ್ಟೆ: 'ದಿನಾಲೂ ಬಡವರಿಗೆ ಪೇಜ್ ಕೊಡುತ್ತೇವೆ. ಮಾಡು ಸೋರಿದರೆ ಪೇಜ್ ಹಾಳಾಗುತ್ತದೆ. ಆದ್ದರಿಂದ ತಗಡಿನ ಮಾಡಿಗೆ ನೆರವು ಬೇಕು.' ಎಷ್ಟು ಚೊಕ್ಕ ಬರೆದೆ ಎಂದು ನನಗೇ ಹೆಮ್ಮೆ.

ಹದಿನೈದು ದಿನ ಕಳೆದು ಆ ಸಂಸ್ಥೆಯಿಂದ ಒಬ್ಬ ಹುಡುಗಿ ಫೋನ್ ಮಾಡಿದಳು.

"ಕ್ಷಮಿಸಿ ಮೇಡಂ, ಈ ಅನುದಾನ ಹಸಿದವರ ಕೆಲಸಕ್ಕೆ ಮಾತ್ರ. ನಿಮ್ಮ ಅರ್ಜಿ ವಾಪಸ್ ಕಳಿಸ್ತಿದೀವಿ."

ನನಗೆ ಸಿಟ್ಟು ನೆತ್ತಿಗೇರಿತು. "ಇದು ಹಸಿದವರ ಕೆಲಸ ಅಲ್ಲದೆ ಇನ್ನೇನ್ರೀ?"

"ಪೇಜ್ ಒಳ್ಳೇದೇ ಮೇಡಂ. ಆದ್ರೆ ಹೊಟ್ಟೆಗಿಲ್ಲದವರು ಪೇಜ್ ಇಟ್ಕೊಂಡು ಏನ್ ಮಾಡ್ತಾರೆ?"

"ಏನ್ ಮಾಡ್ತಾರೆ? ಉಪ್ಪಿನಕಾಯಿ ನಂಚ್ಕೊಂಡು ಉಣ್ತಾರೆ!"

"ಪೇಜನ್ನಾ?"

"ಪೇಜನ್ನೇ! ಎರಡೆರಡು ಸಲ ಹಾಕಿಸ್ಕೊಂಡು!"

ಹುಡುಗಿ ಬಹಳ ಮೆತ್ತಗೆ ಕೇಳಿದಳು. "ಮೇಡಂ, ಪೇಜ್ ಅಂದ್ರೆ ಪುಸ್ತಕದ ಪೇಜ್ ಅಲ್ವಾ? ನಿಮ್ದು ಲೈಬ್ರರಿ ಅಲ್ವಾ?"

ಅಯ್ಯೋ ದೇವರೇ! ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ. ಬೇರೆ ಯಾರಾದರೂ ಹೀಗೆ ಬರೆದಿದ್ದರೆ ಕಿವಿ ಹಿಂಡುತ್ತಿದ್ದೆ. ವಿಷಯ ಬಿಡಿಸಿ ಹೇಳಿದೆ. ಹುಡುಗಿ ಉಸಿರುಗಟ್ಟುವಷ್ಟು ನಕ್ಕಳು, ನಾನೂ ನಕ್ಕೆ. ಕೊನೆಗೆ, ಅರ್ಜಿ ಒಮ್ಮೆ ತಿರಸ್ಕಾರವಾಗಿದೆ, ಕಣ್ಣಾರೆ ನೋಡಿ ಬರೆದರೆ ಮಾತ್ರ ಮೇಲಿನವರು ಮತ್ತೆ ತೆಗೆದುಕೊಂಡಾರು, ಖುದ್ದು ಬರುತ್ತೇನೆ ಎಂದಳು.

ಮುಂದಿನ ವಾರವೇ ಬಂದಳು. ನಮ್ಮ ಅಡುಗೆಯವಳು ಅವಳ ಕೈಯ ಫೈಲನ್ನು ಪಕ್ಕಕ್ಕಿಡಿಸಿ, "ಮೊದ್ಲು ಉಣ್ಣಿ, ಆಮೇಲೆ ಬರ್ಕಣಿ" ಎಂದು ಸಾಲಿನಲ್ಲಿ ಕೂರಿಸಿಬಿಟ್ಟಳು. ಪಕ್ಕದಲ್ಲಿ ಕೂತಿದ್ದವಳು ನಮ್ಮ ನೆಟ್ಟಿಯವಳು. ಉಂಡಾದ ಮೇಲೆ ಸೆರಗಿನ ಗಂಟು ಬಿಚ್ಚಿ ಮಾತ್ರೆ ತೆಗೆದಳು. ಅದೆಂಥ ಮಾತ್ರೆ ಎಂದು ಹುಡುಗಿ ಕೇಳಿದಳು. ಎರಡು ಮಾತಾಡಲು ನಾಚುವ ಹೆಂಗಸು, ಅವತ್ತು ಯಾವ ಧೈರ್ಯ ಬಂತೋ!

"ಕ್ಷಯದ್ದು. ಇದು ಸರ್ಕಾರ ಕೊಡ್ತದೆ" ಎಂದು ಮಾತ್ರೆ ತೋರಿಸಿದಳು. ಆಮೇಲೆ ಪಾತ್ರೆ ತೋರಿಸಿದಳು. "ಅದು ಇವ್ರು ಕೊಡ್ತ್ರು. ಎರಡೂ ಇದ್ರೆ ನಾ ಇರ್ತೆ."

ಹುಡುಗಿ ಆ ಮಾತನ್ನು ಹಾಗೇ ಬರೆದುಕೊಂಡಳು. ನಾನು ತಿದ್ದಲು ಹೋಗಲಿಲ್ಲ.

ಅನುದಾನ ಬಂತು! ಮೊದಲ ಮಳೆಗೆ ಮೂರು ದಿನ ಇರುವಾಗ ತಗಡು ಏರಿತು. ಮಳೆ ಹೊಯ್ದಾಗ ಆ ತಗಡಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು, ಎಲ್ಲರೂ ಕೂಗಿಕೊಂಡೇ ಉಂಡೆವು. "ಅಕ್ಕೋರೆ, ನಂಗೆ ಇನ್ನೆರಡು ಪುಟ ಹಾಕಿ!" ಎಂದು ಊರಿಗೆ ಊರೇ ನನ್ನನ್ನು ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ, ಒಂದು ದಿನವೂ ಒಲೆ ಆರಲಿಲ್ಲ.

ಮಳೆ ಹಿಂದಾಗುವ ಹೊತ್ತಿಗೆ ಒಂದು ದಿನ ನೆಟ್ಟಿಯವಳು ಕಡೆಯ ಪರೀಕ್ಷೆಗೆಂದು ಅಂಕೋಲೆಗೆ ಹೋಗಿದ್ದಳು. ನಾವು ಬಡಿಸುತ್ತಿದ್ದಾಗ ವಾಪಸು ಬಂದಳು. ಸೀದಾ ಹಂಡೆಯ ಬಳಿ ಹೋಗಿ ಮೊಣಕೈವರೆಗೆ ಕೈ ತೊಳೆದಳು, ನನ್ನ ಕೈಯಿಂದ ಸೌಟು ಕಿತ್ತುಕೊಂಡಳು. ಅಷ್ಟು ತಿಂಗಳೂ ಅವಳು ನಮ್ಮ ಒಂದು ಪಾತ್ರೆಯನ್ನೂ ಮುಟ್ಟಿದವಳಲ್ಲ. ಮುಟ್ಟಬೇಡ ಎಂದು ನಾವು ಯಾರೂ ಹೇಳಿರಲಿಲ್ಲ, ಅವಳೇ ಮುಟ್ಟದೆ ತನ್ನ ತಟ್ಟೆ ತಂದು ಉಣ್ಣುತ್ತಿದ್ದಳು.

"ಕೂತ್ಕಣಿ ಅಕ್ಕೋರೆ" ಎಂದಳು. "ರೋಗ ಹೋಯ್ತು ಹೇಳಿ ಡಾಕ್ಟರು ಬರ್ದು ಕೊಟ್ಟಾರೆ. ಈಗ ನನ್ ಕೈಯಿಂದ ಉಣ್ಣುಕೆ ಹೆದ್ರೂದು ಬೇಡ."

ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಲೇ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಕೂತೆ. ಅವಳು ಬಡಿಸಿದಳು. ನಾನು ಉಂಡೆ, ಮತ್ತೂ ಹಾಕು ಎಂದು ತಟ್ಟೆ ಮುಂದೆ ಹಿಡಿದೆ.