ಮೊಟ್ಟೆಬುಟ್ಟಿಗೂ ನಿಲ್ಲುತ್ತಿದ್ದ ರೈಲು

ಓದುಗರಿಗೆಲ್ಲ ನಮಸ್ಕಾರ. ಎಸ್ಸೆಸ್ಸೆಲ್ಸಿ ಪಾಸಾಗುವಾಗ ನನಗೆ ಇಪ್ಪತ್ತಾರು. ಕನ್ನಡ ಟೈಪಿಂಗನ್ನು ಈಗ, ನಲವತ್ತೆರಡರಲ್ಲಿ, ಒಂದೇ ಬೆರಳಲ್ಲಿ ಕಲಿಯುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋದ ತಿಂಗಳು ಇಲ್ಲಿ ಸಿಂಗಪುರದ ಟೋವಾ ಪಾಯೋ ಲೈಬ್ರರಿಯಲ್ಲಿ ಒಂದು ಹಳೇ ಪುಸ್ತಕ ಸಿಕ್ಕಿತು. ಬ್ರಿಟನ್ನಿನ ಯಾವುದೋ ಕಣಿವೆಯ ಪುಟ್ಟ ರೈಲು ಕಂಪನಿಯ ಚರಿತ್ರೆ. ದೊಡ್ಡ ಕಂಪನಿಗಳು ಆ ಕಡೆ ತಿರುಗಿಯೂ ನೋಡದಿದ್ದಾಗ ಕುರಿ ಸಾಕುವವರು, ಒಬ್ಬ ಪಾದ್ರಿ, ಒಬ್ಬ ಹಿಟ್ಟಿನ ಗಿರಣಿಯವನು ಸೇರಿ ಹಳಿ ಹಾಕಿಸಿದರಂತೆ. ಇದ್ದದ್ದು ಎರಡೇ ಎಂಜಿನ್. ಒಂದು ಸದಾ ರಿಪೇರಿಯಲ್ಲಿ. ಬೇಲಿ ಪಕ್ಕ ಅಜ್ಜಿಯೊಬ್ಬಳು ಮೊಟ್ಟೆಬುಟ್ಟಿ ಎತ್ತಿ ತೋರಿಸಿದರೆ ಸಾಕು, ಗಾರ್ಡ್ ರೈಲು ನಿಲ್ಲಿಸಿ ಬುಟ್ಟಿಯನ್ನು ಸಂತೆಗೆ ಮುಟ್ಟಿಸುತ್ತಿದ್ದ.

ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಾ ಓದುತ್ತಾ ನಮ್ಮೂರಿನ ಮೀಟರ್‌ಗೇಜ್ ಪ್ಯಾಸೆಂಜರ್ ನೆನಪಾಯಿತು. ಹಾಲಿನ ಕ್ಯಾನಿನ ಸಿದ್ದಮ್ಮ ಓಡಿ ಬರುತ್ತಿರುವುದು ಕಂಡರೆ ನಮ್ಮ ಗಾರ್ಡೂ ಹಸಿರು ಬಾವುಟವನ್ನು ಕಂಕುಳಿನಿಂದ ತೆಗೆಯುತ್ತಿರಲಿಲ್ಲ. ಇಲ್ಲಿಯ ಮೆಟ್ರೋ ರೈಲು ಎಂಆರ್‌ಟಿಯ ಬಾಗಿಲು ಯಾರಿಗೂ ಕಾಯುವುದಿಲ್ಲ. ಕಾಯಲೂಬಾರದು, ಒಪ್ಪುತ್ತೇನೆ. ಆದರೂ ಮುಚ್ಚಿದ ಬಾಗಿಲ ಮುಂದೆ ನಿಂತಾಗ ಒಮ್ಮೊಮ್ಮೆ ಆ ಬಾವುಟ ಕಣ್ಣಿಗೆ ಕಟ್ಟುತ್ತದೆ.

ಅಷ್ಟರಲ್ಲಿ ಅಣ್ಣನ ಕಾಗದ ಬಂತು. ಮುಂದಿನ ತಿಂಗಳ ಕೊನೆಗೆ ನಮ್ಮ ರೈಲು ನಿಲ್ಲಿಸುತ್ತಾರಂತೆ, ಹತ್ತುವವರಿಲ್ಲವಂತೆ. ಕೊನೆಯ ದಿನ ಅದರಲ್ಲಿ ಕೂತೇ ತೀರಬೇಕೆಂದು ರಜೆಗೆ ಅರ್ಜಿ ಹಾಕಿದೆ. ಪುಸ್ತಕದ ಕೊನೆಯ ಅಧ್ಯಾಯ ತೆರೆಯಲು ಮಾತ್ರ ಮನಸ್ಸಾಗಲಿಲ್ಲ.

"ಲಾಸ್ಟ್ ಚಾಪ್ಟರ್ ಓದಿ ರಿಟರ್ನ್ ಮಾಡು ಲಾ, ಅಪ್ಪ. ನೀನು ಓದ್ದೇ ಇದ್ರೆ ಟ್ರೈನ್ ಓಡ್ತಾನೇ ಇರತ್ತಾ?" ಎಂದಳು ಮಗಳು, ಇಲ್ಲಿಯವರಂತೆ ಮಾತಿಗೊಂದು 'ಲಾ' ಸೇರಿಸಿ.

ಓದಿದೆ. ಕೊನೆಯ ದಿನ ಕಣಿವೆಯವರೆಲ್ಲ ಕಾಲಿಡಲೂ ಜಾಗವಿಲ್ಲದಂತೆ ತುಂಬಿ, ಅತ್ತರಂತೆ. ಬಸ್ಸು ಬಂದ ಮೇಲೆ ಅವರಲ್ಲಿ ಹೆಚ್ಚಿನವರು ರೈಲು ಹತ್ತಿಯೇ ಇರಲಿಲ್ಲ.

ಇದನ್ನು ಹೆಂಡತಿ ಶಾರದೆಗೆ ಹೇಳಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ.

"ಮೂರು ಸಲ ಊರಿಗೆ ಹೋದಾಗ್ಲೂ ಟ್ಯಾಕ್ಸಿ ಬುಕ್ ಮಾಡಿದ್ದು ಯಾರು? ಆ ಡಕೋಟ ರೈಲಲ್ಲಿ ಯಾರು ಕೂರ್ತಾರೆ ಅಂದೋರು ನೀವೇ ತಾನೆ?"

ನಾನೇ. ಸಿಂಗಪುರದಿಂದ ಬಂದವನು ಸ್ಟೇಷನ್ನಿನಿಂದ ಸೂಟ್‌ಕೇಸ್ ಹೊತ್ತು ನಡೆದರೆ ಊರವರು ಏನೆಂದುಕೊಂಡಾರು ಎಂಬ ಬಿಂಕ.

ಮರುದಿನ ನಾನು ಕೆಲಸ ಮಾಡುವ ಕಲ್ಲಾಂಗಿನ ವರ್ಕ್‌ಶಾಪಿನಲ್ಲಿ ಅರ್ಜಿ ವಾಪಸ್ ಕೇಳಿ ತಾರೀಖು ಬದಲಿಸಿದೆ. ಕೊನೆಯ ದಿನ ಅಳಲು ಬೇಕಾದಷ್ಟು ಜನ ಬರುತ್ತಾರೆ. ನಾನು ಆ ತಿಂಗಳ ಮೊದಲ ವಾರದ ಮಾಮೂಲಿ ಮಂಗಳವಾರ ಹೋಗುತ್ತೇನೆ, ಬೋಗಿ ಖಾಲಿ ಇರುವಾಗ. ಅವತ್ತು ಅದಕ್ಕೊಬ್ಬ ಪ್ರಯಾಣಿಕನಾದರೂ ಇರಲಿ.

ನೀವೂ ಹೀಗೆ ಕೈಬಿಟ್ಟು ಆಮೇಲೆ ಹಂಬಲಿಸಿದ ರೈಲೋ ಬಸ್ಸೋ ಇದ್ದರೆ ಬರೆದು ತಿಳಿಸಿ. ಅದಿನ್ನೂ ಓಡುತ್ತಿದ್ದರೆ, ಮೊದಲು ಹತ್ತಿ ಬನ್ನಿ, ಆಮೇಲೆ ಬರೆಯುವಿರಂತೆ.