ಸೀಗಡಿ ತೊಟ್ಟಿಯಲ್ಲಿ ಚಂದ್ರಿಕೆ

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳ ಉಗುರಿನ ನಡುವೆ ಒಂದು ಗೀರಿತ್ತು. ಮೂವತ್ತು ವರ್ಷ ಹಿಪ್ಪುನೇರಳೆ ಸೊಪ್ಪು ಚಿವುಟಿ ಬಿದ್ದ ಗೀರು. ಅದರೊಳಗಿನ ಕಪ್ಪು ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ಗಂಡ ಸತ್ತು ತವರಿಗೆ ಬಂದವಳಿಗೆ ತಾತ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟಿದ್ದು ಮೈಸೂರು ಹೆದ್ದಾರಿಯಲ್ಲಿ ಕೆಂಗಲ್ ದಾಟಿದ ಮೇಲಿನ ಒಂದು ತುಂಡು ಹೊಲ. ಪಹಣಿಯಲ್ಲಿದ್ದದ್ದು ನನ್ನಪ್ಪನ ಹೆಸರು. ಅವಳ ಸೊಪ್ಪು, ರೇಷ್ಮೆಹುಳದ ಮನೆ, ಊಟ, ಮರ್ಯಾದೆ ಎಲ್ಲ ಅಲ್ಲೇ. ಎರಡು ಸಾವಿರದ ಇಸವಿಯ ಈಚೆಗೆ ಹೆದ್ದಾರಿ ಬದಿಗೆ ಕಾರ್ಖಾನೆಗಳು ಬಂದು ಪಾತಾಳಕ್ಕೆ ಕೊರೆದವು. ನಮ್ಮ ಬೋರ್‌ವೆಲ್ ಉಪ್ಪುನೀರು ಕಕ್ಕತೊಡಗಿತು. ಸೊಪ್ಪಿನ ಅಂಚು ಸುಟ್ಟಿತು, ಹುಳ ಮೂಸಲಿಲ್ಲ. ಹೊಲ ಮಾರೋಣ ಎಂದು ಅಪ್ಪ ಶುರುಮಾಡಿದ.

ಉಪ್ಪುನೀರಿನ ತೊಟ್ಟಿಯಲ್ಲಿ ಸೀಗಡಿ ಸಾಕಿ, ಅದರ ಕೊಳೆನೀರನ್ನೇ ಜಲ್ಲಿಯ ಮಡಿಗೆ ಹಾಯಿಸಿ ಉಪ್ಪಿಗೆ ಅಳುಕದ ಅಡುಗೆ ಸೊಪ್ಪು ಬೆಳೆಯಬಹುದು, ಅಲ್ಲಿ ತಿಳಿಯಾದ ನೀರು ಮತ್ತೆ ತೊಟ್ಟಿಗೇ ಬರುತ್ತದೆ ಎಂದು ಹೇಳಿದವಳು ನಾನು. ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಜಂಬ. ಕರಾವಳಿಯಿಂದ ಸೀಗಡಿ ಮರಿಗಳನ್ನೂ, ಗೋಣಿಸೊಪ್ಪಿನ ಜಾತಿಯದೇ ಒಂದು ಕಡಲತೀರದ ಸೊಪ್ಪಿನ ಕಡ್ಡಿಗಳನ್ನೂ ತರಿಸಿಕೊಟ್ಟೆ. ನೀರಿಗೆ ಇನ್ನೆಷ್ಟು ಉಪ್ಪು ಬೇಕೆಂದು ಅತ್ತೆ ನಾಲಿಗೆಯಲ್ಲೇ ಅಳೆಯುತ್ತಿದ್ದಳು.

ಒಂದು ಬೆಳಿಗ್ಗೆ ಸೀಗಡಿ ಕಳಚಿದ ಪೊರೆಗಳು ತೊಟ್ಟಿಯಲ್ಲಿ ತೇಲುತ್ತಿದ್ದವು. ರೇಷ್ಮೆಹುಳ ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರಕ್ಕೆ ಕೂರುವುದು ಎನ್ನುತ್ತಾರೆ; ಆಗ ಹುಳಕ್ಕೆ ಸೊಪ್ಪು ಹಾಕುವುದಿಲ್ಲ. ಅತ್ತೆ ಸೀಗಡಿಗೂ ಮೇವು ನಿಲ್ಲಿಸಿ, ಎರಡು ದಿನ ತೊಟ್ಟಿಯ ಹತ್ತಿರ ಯಾರಿಗೂ ಜೋರಾಗಿ ಮಾತಾಡಲು ಬಿಡಲಿಲ್ಲ. ಆದರೆ ಸೀಗಡಿಗಳು ಹುಳಗಳ ಹಾಗೆ ಎಲ್ಲ ಒಟ್ಟಿಗೆ ಪೊರೆ ಬಿಡುವುದಿಲ್ಲ. ಹಸಿದ ಸೀಗಡಿಗಳು ಪೊರೆ ಬಿಟ್ಟು ಮೆತ್ತಗಾದವನ್ನು ತಿಂದುಹಾಕಿದವು. ಮೂರನೇ ದಿನ ಅರ್ಧ ತೊಟ್ಟಿ ಖಾಲಿ.

ಇದನ್ನು ನಾನು ಮನೆಯಲ್ಲಿ ತಮಾಷೆಯಾಗಿ ಹೇಳಿದೆ. ಅವಳು ಪಿಸುಗುಡುವುದನ್ನು ಅಭಿನಯಿಸಿಯೂ ತೋರಿಸಿದೆ. ಅಪ್ಪ ಅದನ್ನು ಊರಿಗೆಲ್ಲ ಹಂಚಿದ.

ಅತ್ತೆ ಅಳಲಿಲ್ಲ. ಹುಳಗಳನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ಚಾಪೆಗೆ ಚಂದ್ರಿಕೆ ಎನ್ನುತ್ತಾರೆ, ಅದರ ತುಂಬ ಸುರುಳಿ ಸುರುಳಿ ಸಂದುಗಳಿರುತ್ತವೆ. ಮೂಲೆಗೆ ಬಿದ್ದಿದ್ದ ಚಂದ್ರಿಕೆಗಳನ್ನು ತಂದು ಕಲ್ಲು ಕಟ್ಟಿ ತೊಟ್ಟಿಯಲ್ಲಿ ಮುಳುಗಿಸಿದಳು.

“ಮೆತ್ತಗಿರೋವು ಒಸಿ ದಿನ ಇದ್ರೊಳ್ಗೆ ಅವಿತ್ಕಂಡಿರ್ಲಿ. ಗಟ್ಟಿಯಾದ್ಮೇಲೆ ಅವೇ ಈಚೆಗೆ ಬತ್ತವೆ” ಎಂದಳು.

ನನ್ನ ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಎರಡನೇ ಸಲ ಬಿಟ್ಟ ಮರಿಗಳು ಬದುಕಿ ಬೆರಳುದ್ದವಾದವು. ಮಡಿಯ ತುಂಬ ಸೊಪ್ಪು ದಪ್ಪಗೆ ಹಬ್ಬಿತು. ಅದರ ಸಾರಿಗೆ ಉಪ್ಪು ಹಾಕುವುದೇ ಬೇಕಿರಲಿಲ್ಲ.

ಅಷ್ಟರಲ್ಲಿ ದಲ್ಲಾಳಿ ಕಾಗದ ಹಿಡಿದು ಮನೆಗೆ ಬಂದು ಕೂತ. ಒಂದೇ ತಿಂಗಳು ತಡಿ, ಒಂದು ಬೆಳೆ ಎತ್ತಿ ತೋರಿಸ್ತೀನಿ ಎಂದು ಅತ್ತೆ ಅಪ್ಪನನ್ನು ಬೇಡಿಕೊಂಡಳು. ಅಪ್ಪ ನನ್ನ ಕಡೆ ತಿರುಗಿದ.

“ಓದಿರೋಳು ನೀನು, ಹೇಳವ್ವ. ಇದು ಆಯ್ತದಾ?”

ಆಗುತ್ತದೆಂದು ನನಗೆ ಗೊತ್ತಿತ್ತು, ಕಣ್ಣಾರೆ ಕಂಡಿದ್ದೆ. ಆದರೆ ಸೀಗಡಿಗೆ ಜ್ವರ ಬಂದ ಕಥೆ ನೆನೆದು ಆಗಲೇ ಅಲ್ಲಿ ಸೇರಿದ್ದ ಊರವರೆಲ್ಲ ಮುಸಿಮುಸಿ ನಗುತ್ತಿದ್ದರು. ಆ ನಗು ನನ್ನ ಮೇಲೂ ಬಿದ್ದೀತು ಅನ್ನಿಸಿತು.

“ಹೇಳಕ್ಕಾಗಲ್ಲ” ಎಂದೆ.

ಅಪ್ಪ ರುಜು ಹಾಕಿದ. ಅಂಥ ಹೇಡಿತನವನ್ನು ನಾನು ಮತ್ತೆಂದೂ ಮಾಡಿಲ್ಲ. ಮಾಡುವ ಅಗತ್ಯವೂ ಬೀಳಲಿಲ್ಲ. ತೊಟ್ಟಿ ಒಡೆಯುವ ಮುಂಚೆ ಅತ್ತೆ ಸೀಗಡಿ ಹಿಡಿದು, ನಕ್ಕವರ ಮನೆಗೂ ಕೊಟ್ಟುಬಂದಳು. ಎಲ್ಲರೂ ಚಪ್ಪರಿಸಿ ತಿಂದರು.

ಆಮೇಲೆ ನಮ್ಮ ಹಿತ್ತಲ ಕೋಣೆಯಲ್ಲಿ ಮೂರು ವರ್ಷ ಇದ್ದಳು. ಯಾರೂ ಅವಳಿಗೆ ಕೆಲಸ ಹೇಳಲಿಲ್ಲ, ಅದನ್ನೇ ಅಪ್ಪ ದೊಡ್ಡ ಉಪಕಾರವೆಂದುಕೊಂಡಿದ್ದ. ತೀರಿಕೊಂಡ ದಿನ ಅವಳ ಕೈ ತೊಳೆದವಳು ನಾನು. ತೊಳೆಯುವಂಥದ್ದು ಏನೂ ಇರಲಿಲ್ಲ. ಉಗುರು ಹೊಸದಾಗಿ ಬೆಳೆದು ಗೀರು ಅಳಿಸಿಹೋಗಿತ್ತು. ಮದುವೆ ಮನೆಯಲ್ಲಿ ಧಾರಾಳವಾಗಿ ಚಾಚಬಹುದಾದಷ್ಟು ಚೊಕ್ಕಟವಾಗಿತ್ತು ಆ ಬೆರಳು.